ಕಡೂರಿನಲ್ಲಿ ಸೀಳದ ಎಲೆ

ಕಡೂರು
೧೨-೨-೧೯೭೮

ಪ್ರಿಯ ಶಿವಮೂರ್ತಿ,

ನಿನ್ನ ಗೃಹಪ್ರವೇಶದ ಹೋಳಿಗೆ ಅರಗಿದೆ. ಮೊಸಾಯಿಕ್ ನೆಲ ಇನ್ನೂ ಅರಗಿಲ್ಲ. ಅಜ್ಜಂಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಂದೇ ವರ್ಷ ಬಿ.ಎ. ಮುಗಿಸಿದ ಇಬ್ಬರಲ್ಲಿ ಒಬ್ಬ ಶಿರಸ್ತೇದಾರನಾಗಿ ತರೀಕೆರೆಯಲ್ಲಿ ತಾರಸಿ ಮನೆ ಕಟ್ಟಿದ. ಇನ್ನೊಬ್ಬ ಕಡೂರಿನ ಮಾರುಕಟ್ಟೆ ಸಮಿತಿಯ ಗುಮಾಸ್ತನಾಗಿ, ಕೊಬ್ಬರಿ ಮೂಟೆಗಳ ನಡುವೆ ಕೂತು, ಸಂಜೆ ಬಾಡಿಗೆ ಮನೆಗೆ ಹೋಗುತ್ತಾನೆ. ಸಂತೋಷ ಕಣೋ. ಎರಡು ಸಲ ಬರೆದರೆ ನಿನಗೆ ಅನುಮಾನ ಬಂದೀತೆಂದು ಒಂದೇ ಸಲ ಬರೆದಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಹಜಾರದಲ್ಲಿ ಒಂದು ಬಳ್ಳಿ ಇದೆಯಲ್ಲ, ಮೊರದಗಲದ ಎಲೆ, ಅಂಚಿನಿಂದ ಒಳಕ್ಕೆ ಬೆರಳು ಬೆರಳಾಗಿ ಸೀಳು, ನಡುವೆ ತೂತು. ಅದರ ಮುಂದೆ ನನ್ನ ಹೆಂಡತಿ ವಿಶಾಲಾಕ್ಷಿ ಊಟಕ್ಕೆ ಕರೆದದ್ದೂ ಕೇಳಿಸದೆ ನಿಂತುಬಿಟ್ಟಳು. ನೀನು ಕತ್ತರಿ ತಂದೆ. ಗಿಣ್ಣಿನ ಕೆಳಗೆ ಒಂದು ತುಂಡು ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಅವಳ ಕೈಗೆ ಕೊಟ್ಟೆ. ನಾನು ನೋಡಿದೆ. ಈಗ ಅದು ಇಲ್ಲಿ ಬಂದು ಕುಂಡ ಸೇರಿದೆ. ತುಂಡು ನಿನ್ನದು, ಕುಂಡ ನನ್ನದು, ಗಂಡನೂ ನಾನೇ. ನೆನಪಿಗಿರಲಿ ಎಂದು ಬರೆದೆ.

ಪರಗಂಡಸಿಗೆ ಹೆಂಗಸು ಕಾಗದ ಬರೆಯುವುದು ನಮ್ಮ ಮನೆಗಳಲ್ಲಿಲ್ಲವಲ್ಲ, ಹಾಗಾಗಿ ಅವಳು ಹೇಳಿದ್ದನ್ನು ನಾನು ಬರೆಯಬೇಕು. "ನೀರು ಎಷ್ಟ್ ದಿನಕ್ಕೊಂದ್ಸಲ ಹಾಕ್ಬೇಕು, ಎಲ್ಲಿಡ್ಬೇಕು, ಈ ಎಲೆ ಯಾವಾಗ ಸೀಳ್ತದೆ, ಎಲ್ಲಾ ಕೇಳ್ರೀ" ಅಂದಳು. ಕೇಳಿದ್ದೇನೆ. ಉತ್ತರವನ್ನು ನನ್ನ ಆಫೀಸಿನ ವಿಳಾಸಕ್ಕೆ ಹಾಕು. ಮನೆಗೆ ಟಪಾಲು ತಡ.

ನಿನ್ನ,
ಕಲ್ಲೇಶಪ್ಪ


ತರೀಕೆರೆ
೨೧-೨-೧೯೭೮

ಪ್ರಿಯ ಕಲ್ಲೇಶಿ,

ಕಾಗದ ತಲುಪಿತು. ಎಲ್ಲರೂ ಆರೋಗ್ಯ. ಜಮಾಬಂದಿ ಕೆಲಸ ಜಾಸ್ತಿ.

ಇನ್ನು ಗಿಡದ ವಿಷಯ. ಅದಕ್ಕೆ ಬೆಳಕು ಬೇಕು, ಸುಡುವ ಬಿಸಿಲು ಬೇಡ. ನಿಮ್ಮ ಮನೆಗೆ ಮೂಡಣಕ್ಕೆ ಕಿಟಕಿ ಇದೆಯಂತಲ್ಲ, ಅದರ ಪಕ್ಕ ಇಡಲಿ. ಬಿಸಿಲು ನೇರ ಬಿದ್ದರೆ ಹಳೇ ಪಂಚೆಯ ಪರದೆ ಕಟ್ಟಲಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಇದು ಕಾಡಿನಲ್ಲಿ ಮರ ಹತ್ತುವ ಜಾತಿ. ಹತ್ತಲು ಏನೂ ಸಿಗದಿದ್ದರೆ ಎಷ್ಟು ವರ್ಷವಾದರೂ ಎಳೇ ಮಗುವಿನ ಹಾಗೆ ಇಡೀ ಎಲೆಯನ್ನೇ ಬಿಡುತ್ತದೆ. ಒಂದು ಕೋಲಿಗೆ ತೆಂಗಿನ ನಾರು ದಪ್ಪಗೆ ಸುತ್ತಿ, ಒದ್ದೆ ಮಾಡಿ, ಕುಂಡದಲ್ಲಿ ನೆಡಲಿ. ಗಿಣ್ಣಿನಿಂದ ಹೊರಡುವ ಬೇರನ್ನು ಕತ್ತರಿಸದೆ ಆ ನಾರಿಗೆ ತಾಗಿಸಿ ಕಟ್ಟಲಿ. ಆರೇಳು ಎಲೆ ದಾಟಿದ ಮೇಲೆ ಸೀಳು ಶುರುವಾಗುತ್ತದೆ, ಅವಸರ ಬೇಡ.

ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸಲಿ. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರುವಾಗ, ಮಾತಿಗೆ ಒಂದು ಜೀವ ಇಲ್ಲದಾಗ, ಎಲೆ ಒರೆಸುತ್ತ ಕೂತರೆ ಮನಸ್ಸು ಹಗುರಾಗುತ್ತದೆ. ಅನುಭವದ ಮಾತು. ವಿಶಾಲಾಕ್ಷಿಯ ಬೆರಳುಗಳು ತೆಳ್ಳಗಿವೆ, ಎಲೆಗೆ ಹಿತ.

ಇಂತು,
ಶಿವಮೂರ್ತಪ್ಪ


ಕಡೂರು
೯-೭-೧೯೭೮

ಶಿವಮೂರ್ತಿ,

ಜಮಾಬಂದಿಗೆ ಮೂರು ಪದ, ಗಿಡಕ್ಕೆ ಎರಡು ಪುಟ. ಶಿರಸ್ತೇದಾರನೊಳಗೆ ಇಂಥ ಒಬ್ಬ ಮಾಲಿ ಅಡಗಿದ್ದಾನೆಂದು ಸರ್ಕಾರಕ್ಕೆ ಗೊತ್ತೇನೋ?

ಬೆರಳು ತೆಳ್ಳಗಿವೆ ಎಂಬ ಸಾಲನ್ನು ಮೂರು ಸಲ ಓದಿದೆ. ಹದಿನೆಂಟು ವರ್ಷದ ಹಿಂದೆ ಬುಕ್ಕಾಂಬುಧಿಗೆ ಹೆಣ್ಣು ನೋಡಲು ಹೋದದ್ದು ನೀನು. ನಾನು ಬರೀ ಜೊತೆಗೆ ಬಂದವನು. ಉಪ್ಪಿಟ್ಟಿನ ತಟ್ಟೆ ಮೊದಲು ಬಂದದ್ದು ನಿನ್ನ ಮುಂದಕ್ಕೆ. ಎರಡೂ ಮನೆಯವರದು ಒಂದೇ ಬೆಡಗು, ಒಂದೇ ಬೆಡಗಿನವರು ಅಣ್ಣತಂಗಿಯರ ಸಮ ಎಂದು ಹಿರಿಯರು ಅಂದದ್ದರಿಂದ ಸಂಬಂಧ ನಿಂತಿತು. ನೀನೂ ಬೇಡ ಅನ್ನಲಿಲ್ಲ, ಅವಳೂ ಬೇಡ ಅನ್ನಲಿಲ್ಲ. ಆರು ತಿಂಗಳಾದ ಮೇಲೆ ನಾನು ಅದೇ ಮನೆಯ ಅದೇ ಚಾಪೆಯ ಮೇಲೆ ಕೂತೆ. ಆ ದಿನ ನಾನು ನೋಡಿದ್ದು ಅವಳ ಮುಖ. ನೀನು ಬೆರಳನ್ನೂ ನೋಡಿಟ್ಟುಕೊಂಡಿದ್ದೆ ಅಂತ ಈಗ ತಿಳಿಯಿತು.

ಅವಳ ಮಾತು ಹೀಗೆ: "ಮೂರೆಲೆ ಬಂತು, ಮೂರೂ ವೀಳ್ಯದೆಲೆ ಇದ್ದಂಗಿದಾವೆ. ತೊಟ್ಟು ಮಾತ್ರ ಉದ್ದುದ್ದ ಓಡ್ತದೆ. ಹಿಂಗ್ಯಾಕೆ ಅಂತ ಕೇಳ್ರೀ."

ಕೇಳಿದ್ದೇನೆ. ಸೀಳದ ಎಲೆ, ಕೇಳುವ ಕಲೆ, ಎರಡರ ನಡುವೆ ನಾನು ಅಂಚೆ ಚೀಲ.

ಕಲ್ಲೇಶಪ್ಪ


ತರೀಕೆರೆ
೨-೮-೧೯೭೮

ಪ್ರಿಯ ಕಲ್ಲೇಶಿ,

ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. ನನಗೆ ನೆನಪಿರುವುದು ಅಷ್ಟೇ.

ತೊಟ್ಟು ಉದ್ದವಾಗಿ ಎಲೆ ಚಿಕ್ಕದಾದರೆ ಅದು ಬೆಳಕಿಗಾಗಿ ಕತ್ತು ಚಾಚುತ್ತಿದೆ ಎಂದೇ ಅರ್ಥ. ಕಿಟಕಿಯ ಪಕ್ಕ ಇಟ್ಟಿದ್ದಾರೆ ತಾನೇ? ಕೋಲು ನೆಟ್ಟಾಯಿತೆ? ಕುಂಡದ ತಳದ ತೂತು ಮುಚ್ಚಿಲ್ಲವಷ್ಟೆ? ನೀರು ಕಡಿಮೆ ಮಾಡಲಿ. ಹಳದಿಯಾದ ಎಲೆ ನೋಡಿ ವಿಶಾಲಾಕ್ಷಿ ಬೇಸರ ಮಾಡಿಕೊಳ್ಳಬಾರದು. ಅವಳಿಗೆ ಬೇಸರವಾದರೆ ಇಲ್ಲಿಯೂ ಬೇಸರ. ಕಡೂರಿನಿಂದ ಕಾಗದ ಬಂದ ದಿನ ಈ ಮನೆಯಲ್ಲಿ ಹಬ್ಬದ ಹಾಗೆ. ಬೇಗ ಬೇಗ ಬರೆಯಿರಿ.

ಇಂತು,
ಶಿವಮೂರ್ತಪ್ಪ


ಕಡೂರು
೫-೧೧-೧೯೭೮
(ಅಂಚೆಗೆ ಹಾಕದ್ದು)

ಲೇ ಶಿವಮೂರ್ತಿ,

ಇದನ್ನು ಡಬ್ಬಿಗೆ ಹಾಕುವುದಿಲ್ಲ, ಅದಕ್ಕೇ ನಿಜ ಬರೆಯುತ್ತಿದ್ದೇನೆ.

ಗಿಡ ಕಿಟಕಿಯ ಪಕ್ಕ ಇಲ್ಲ. ರಾಗಿ ಡಬ್ಬದ ಹಿಂದಿನ ಮೂಲೆಯಲ್ಲಿದೆ. ಸಂಜೆ ಕಾಫಿ ಕುಡಿಯುತ್ತ ನಿನ್ನ ಕಾಗದ ಓದಿ ಹೇಳುವಾಗ, ಬೆಳಕು ಅಂದಲ್ಲಿ ಕತ್ತಲು ಅಂದೆ. ಒಣಗಿದ್ದರೆ ಮಾತ್ರ ಅಂದಲ್ಲಿ ದಿನಾ ಒಂದು ಚೊಂಬು ಅಂದೆ. ಕೋಲನ್ನು ನುಂಗಿಬಿಟ್ಟೆ. ಮಧ್ಯಾಹ್ನದ ಸಾಲು ಬಂದಾಗ ಕೆಮ್ಮಿದೆ. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಆದರೂ ಕಾಗದ ಕೊಡಿ ಅಂತ ಕೇಳಲಿಲ್ಲ. ಗಂಡನ ಹೆಸರಿಗೆ ಬಂದದ್ದನ್ನು ಗಂಡ ಓದುತ್ತಾನೆ ಎಂದು ನಂಬಿದಳು.

ಎಲೆ ಸೀಳಿದರೆ ಅವಳು ದಿನಾ ಅದರ ಮುಂದೆ ನಿಂತು ನಿನ್ನನ್ನು ನೆನೆಯುತ್ತಾಳೆ. ಅದು ನನ್ನಿಂದ ಆಗದು. ಅಷ್ಟೇ ಕಾರಣ. ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಮೊನ್ನೆ ಬೇರು ನಾರುತ್ತಿತ್ತು. ಅವಳು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಶಿವಮೂರ್ತಣ್ಣ ಹೇಳ್ದಂಗೇ ಮಾಡಿದೀನಲ್ರೀ, ನನ್ ಕೈಯಲ್ಲೇ ಏನೋ ದೋಷ ಐತೆ ಕಣ್ರೀ" ಅಂದಳು. ನಾನು ಪ್ರಜಾವಾಣಿಯ ಹಿಂದೆ ಮುಖ ಇಟ್ಟುಕೊಂಡಿದ್ದೆ. ಇಲ್ಲ ಕಣೇ ಅನ್ನಬಹುದಿತ್ತು. ಪುಟ ತಿರುಗಿಸಿದೆ.

ಕ.


ತರೀಕೆರೆ
೧೪-೧-೧೯೭೯

ಪ್ರಿಯ ಕಲ್ಲೇಶಿ,

ಸಂಕ್ರಾಂತಿಯ ಶುಭಾಶಯ. ಐದು ತಿಂಗಳಿಂದ ನಿಮ್ಮ ಸುದ್ದಿಯಿಲ್ಲ. ಹೇಳಿದ್ದನ್ನೆಲ್ಲ ಮಾಡಿಯೂ ಗಿಡ ಏಳದಿದ್ದರೆ ಕಣ್ಣಾರೆ ನೋಡಲೇಬೇಕು. ಇದೇ ೨೮ನೇ ತಾರೀಖು ಭಾನುವಾರ ಪ್ರೇಮಳನ್ನೂ ಕರೆದುಕೊಂಡು ಬರುತ್ತೇನೆ. ಎಳ್ಳುಬೆಲ್ಲ ಆಗಲೇ ಕೊಡುತ್ತೇವೆ.

ಇಂತು,
ಶಿವಮೂರ್ತಪ್ಪ


ಕಡೂರು
೧೮-೧-೧೯೭೯

ಶಿವಮೂರ್ತಿ,

ಬರಬೇಡ. ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ. ಕೂರಲು ಜಾಗವಿಲ್ಲ, ನಿಲ್ಲಲು ಜಾಗವಿಲ್ಲ, ಪಾತ್ರೆಯೆಲ್ಲ ಅಂಗಳದಲ್ಲಿ. ಸುಣ್ಣದ ಮನೆಗೆ ಬಣ್ಣದ ಮಾತೇಕೆ, ಮುಂದೆ ನೋಡೋಣ.

ಕಲ್ಲೇಶಪ್ಪ


ಅಜ್ಜಂಪುರ
೬-೨-೧೯೭೯

ಶಿವಮೂರ್ತಣ್ಣನವರಿಗೆ ವಿಶಾಲಾಕ್ಷಿಯ ಶರಣು.

ನಾನು ಕಾಗದ ಬರೆದದ್ದು ತಪ್ಪೆನಿಸಿದರೆ ಮನ್ನಿಸಿ. ನಿಮಗೆ ಸುಣ್ಣ ಅಂತ ಬರೆದಮೇಲೆ, ಯಾರಾದರೂ ಬಂದು ನೋಡಿಬಿಟ್ಟರೆ ಎಂದು ಹೆದರಿ, ನಮ್ಮವರು ನಿಜವಾಗಲೂ ಸುಣ್ಣ ಹೊಡೆಸಿದರು, ಇದನ್ನು ಆಮೇಲೆ ಅವರೇ ಒಪ್ಪಿಕೊಂಡರು. ಟ್ರಂಕು ಜರುಗಿಸಿದೆ. ಹಿಂದೆ ನಿಮ್ಮ ಕಾಗದಗಳ ಕಟ್ಟಿತ್ತು. ಅವರು ಬರೆದು ಹಾಕದೆ ಇಟ್ಟುಕೊಂಡದ್ದೂ ಒಂದಿತ್ತು. ಎಲ್ಲವನ್ನೂ ಅಲ್ಲೇ ನೆಲದ ಮೇಲೆ ಕೂತು ಓದಿದೆ.

ನನಗೆ ಓದಿ ಹೇಳಿದ್ದೇ ಬೇರೆ, ನೀವು ಬರೆದದ್ದೇ ಬೇರೆ. ಒಂದು ವರ್ಷ ಆ ಗಿಡವನ್ನು ನನ್ನ ಕೈಯಿಂದಲೇ ಕೊಳೆಸಿದರು. ಕೊಳೆತದ್ದು ಬೇರು ಮಾತ್ರ ಅಲ್ಲ ಅಂತ ಬರೆಯೋಣ ಅನ್ನಿಸಿತು. ಅದು ಅವರ ಥರದ ಮಾತಾಗುತ್ತದೆ, ಬೇಡ.

ಗಿಡ ಎತ್ತಿಕೊಂಡು ಅಣ್ಣನ ಮನೆಗೆ ಬಂದಿದ್ದೇನೆ. ಬೀರೂರಿನಲ್ಲಿ ಗಾಡಿ ತುಂಬಾ ಹೊತ್ತು ನಿಂತಿತ್ತು. ಕುಂಡ ತೊಡೆಯ ಮೇಲೇ ಇತ್ತು. ಎದುರಿಗೆ ಕೂತ ಮುದುಕಿ "ಏನ್ ಗಿಡ ತಾಯಿ, ಔಷಧೀದಾ?" ಅಂದಳು. ಹೌದು ಅಂದೆ. ಹೋಗುತ್ತೇನೆ ಅಂತ ಅವರಿಗೆ ಹೇಳಿ ಬಂದಿದ್ದೇನೆ, ಬರುತ್ತೇನೆ ಅಂತ ಹೇಳಿಲ್ಲ.

ಇನ್ನೊಂದು ಮಾತು. ಮಧ್ಯಾಹ್ನ ಒಬ್ಬಳೇ ಇರುವಾಗ ಎಂದು ಬರೆದಿದ್ದೀರಿ. ಹದಿನೆಂಟು ವರ್ಷದಲ್ಲಿ ನನ್ನ ಮಧ್ಯಾಹ್ನ ಹೇಗೆ ಕಳೆಯುತ್ತದೆ ಅಂತ ಯಾರೂ ಯೋಚಿಸಿದ್ದು ನಾನು ಕಾಣೆ. ಓದಿ ಅತ್ತೆ. ಆದರೆ ಅದನ್ನು ನೀವು ಬರೆಯುವುದು ಸರಿಯಲ್ಲ. ಅವರು ಮಾಡಿದ್ದು ತಪ್ಪು, ಆದರೆ ಅವರಿಗೆ ಉರಿದದ್ದು ಸುಮ್ಮನೆ ಅಲ್ಲ ಅಂತಲೂ ಅನ್ನಿಸಿತು. ಗಿಡ ಉಳಿಯುವ ದಾರಿ ಇದ್ದರೆ ಬರೆಯಿರಿ. ನನ್ನ ವಿಷಯ ಬೇಡ.

ವಿಶಾಲಾಕ್ಷಿ


ತರೀಕೆರೆ
೧೨-೨-೧೯೭೯

ವಿಶಾಲಾಕ್ಷಕ್ಕನಿಗೆ ಪ್ರೇಮಮ್ಮ ಮಾಡುವ ಶರಣು.

ಅಕ್ಕಾ, ನಿಮ್ಮ ಕಾಗದ ಓದಿ ಇವರು ಬೆವರಿಬಿಟ್ಟರು. "ನೋಡೇ, ನಿನ್ನ ಮಾತಿಂದ ನನ್ ತಲೆಗೆ ಬಂತು" ಅಂತ ನನ್ನ ಕೈಗೆ ಕೊಟ್ಟರು. ನಾನು ನಕ್ಕೆ, ಆಮೇಲೆ ನಗು ಬರಲಿಲ್ಲ.

ಆ ಮಾತೆಲ್ಲ ನಂದು ಕಣಕ್ಕಾ. ಇವರಿಗೆ ದಾಸವಾಳಕ್ಕೂ ದೊಡ್ಡಪತ್ರೆಗೂ ವ್ಯತ್ಯಾಸ ತಿಳಿಯದು. ನಮ್ಮಪ್ಪ ಕೆಮ್ಮಣ್ಣುಗುಂಡಿಯ ತೋಟದಲ್ಲಿ ಮೇಸ್ತ್ರಿಯಾಗಿದ್ದರು, ಆ ಬಳ್ಳಿ ನನ್ನ ಜೊತೆ ತವರಿನಿಂದ ಬಂದದ್ದು. ಗೃಹಪ್ರವೇಶದ ದಿನ ನಾನು ಒಲೆ ಬಿಟ್ಟು ಬರುವ ಹಾಗಿರಲಿಲ್ಲ, ಅದಕ್ಕೆ ಗಿಣ್ಣಿನ ಕೆಳಗೆ ಕತ್ತರಿಸಿ ಅಂತ ಹೇಳಿ, ಕತ್ತರಿ ಕೊಟ್ಟು, ಇವರನ್ನು ಕಳಿಸಿದೆ. ಆಮೇಲೆ ನೀವು ಅಲ್ಲಿಂದ ಹೇಳಿ ಬರೆಸಿದಿರಿ, ನಾನು ಇಲ್ಲಿಂದ ಹೇಳಿ ಬರೆಸಿದೆ. ಕಲ್ಲೇಶಪ್ಪನವರಿಗೆ ನಾನು ಬರೆಯುವ ಹಾಗಿಲ್ಲವಲ್ಲ, ನನಗೆ ಅವರು ಪರಗಂಡಸು. ನಿಮ್ಮ ಬೆರಳು ನೋಡಿದ್ದೂ ನಾನೇ, ಪಂಕ್ತಿಯಲ್ಲಿ ನಿಮಗೆ ಹೋಳಿಗೆ ಬಡಿಸುವಾಗ. ಮಧ್ಯಾಹ್ನದ ಮಾತೂ ನಂದೇ. ಇವರು ಕಚೇರಿಗೆ ಹೋದಮೇಲೆ ಈ ದೊಡ್ಡ ಮನೆಯಲ್ಲಿ ನಾನು ಗೋಡೆ ಗಡಿಯಾರದ ಜೊತೆ ಇರುತ್ತೇನೆ. ನಿಮ್ಮ ಪ್ರಶ್ನೆ ಬಂದ ದಿನ ಹಬ್ಬ ಅಂತ ಬರೆಸಿದ್ದು ಸುಳ್ಳಲ್ಲ. ನಾನು ಗಿಡ ಹಂಚಿದ್ದೇನೆ ಅಕ್ಕಾ, ಗಂಡನನ್ನಲ್ಲ!

ಈಗ ಗಿಡ. ಕುಂಡದಿಂದ ಬಿಡಿಸಿ, ಕಪ್ಪಗೆ ಮೆತ್ತಗಾದ ಬೇರನ್ನೆಲ್ಲ ಕತ್ತರಿಸಿ. ಗಟ್ಟಿಯಿರುವ ಒಂದೇ ಒಂದು ಬಿಳಿ ಬೇರು, ಒಂದು ಗಿಣ್ಣು ಉಳಿದಿದ್ದರೂ ಸಾಕು. ಮರಳು, ಹಳೇ ಗೊಬ್ಬರ ಬೆರೆಸಿದ ಸಡಿಲ ಮಣ್ಣಿಗೆ ನೆಡಿ. ಎಂಟು ದಿನ ನೀರು ಮುಟ್ಟಿಸಬೇಡಿ. ಬೆಳಕಿನ ಕಡೆ ಇಟ್ಟಮೇಲೆ ಸುಮ್ಮಸುಮ್ಮನೆ ತಿರುಗಿಸಬೇಡಿ. ಎಲೆ ಯಾವ ಕಡೆ ಮುಖ ಮಾಡಿದೆಯೋ ಅದೇ ಕಡೆ ಇರಲಿ.

ಇನ್ನುಮೇಲೆ ನೀವೇ ನನಗೆ ಬರೆಯಿರಿ, ನಾನೇ ನಿಮಗೆ ಬರೆಯುತ್ತೇನೆ. ಇಷ್ಟು ಮೊದಲೇ ಹೊಳೆಯಲಿಲ್ಲವಲ್ಲ ನಮಗೆ!

ನಿಮ್ಮ ತಂಗಿ,
ಪ್ರೇಮ


ಕಡೂರು
೨೦-೨-೧೯೭೯

ಶಿವಮೂರ್ತಿ,

ವಿಶಾಲಾಕ್ಷಿ ಹೋಗಿ ಹದಿನೇಳು ದಿನ. ಮಗಳು ಚಿಕ್ಕಮಗಳೂರಿನ ಹಾಸ್ಟೆಲಿನಿಂದ "ಅಮ್ಮ ಯಾಕೆ ಬರೆದಿಲ್ಲ" ಎಂದು ಕೇಳಿದ್ದಾಳೆ. ಏನು ಬರೆಯಲಿ? ನಿಮ್ಮಪ್ಪನಿಗೆ ಒಂದು ಗಿಡದ ಮೇಲೆ ಹೊಟ್ಟೆಕಿಚ್ಚು ಅಂತಲೇ?

ಅಜ್ಜಂಪುರಕ್ಕೆ ಹೋಗಿದ್ದೆ. ಬಾವಮೈದುನ ಬಸವರಾಜಪ್ಪ ಬಾಗಿಲಲ್ಲೇ ತಡೆದ. "ಏನ್ ಭಾವ, ಗಿಡಕ್ಕೆ ಕತ್ಲು ತೋರ್ಸಿದ್ರಂತೆ? ನಮ್ ತಂಗಿ ಗಿಡದ ಹತ್ರ ಮಾತಾಡ್ತಾಳೆ, ನಮ್ಮತ್ರ ಆಡಲ್ಲ. ನಿಮ್ಮತ್ರ ಆಡ್ತಾಳಾ ನೋಡಿ." ಒಳಗೆ ಹೋದೆ. ನೀರು ಕೊಟ್ಟಳು. ಲೋಟ ವಾಪಸು ತೆಗೆದುಕೊಂಡಳು. ಅಷ್ಟೇ. ಸಂಜೆಯ ಗಾಡಿಗೆ ಬಂದೆ.

ಪ್ರೇಮಮ್ಮನವರ ಕಾಗದ ಕುಂಡದ ಕೆಳಗಿತ್ತು, ಅವಳೇ ಎಳೆದು ನನ್ನ ಮುಂದಿಟ್ಟಳು. ಓದಿದೆ. ಒಂದು ವರ್ಷ ನಾನು ಯಾರ ಮೇಲೆ ಉರಿದೆ? ಬರೆಯುವ ಗುಮಾಸ್ತನೊಬ್ಬ ಇನ್ನೊಬ್ಬ ಬರೆಯುವ ಗುಮಾಸ್ತನ ಮೇಲೆ. ಕ್ಷಮಿಸು ಎಂದು ಕೇಳಬೇಕು, ಕೇಳಿದ್ದೇನೆ. ಪ್ರಾಸ ಹೊಳೆಯುತ್ತಿಲ್ಲ.

ಕಲ್ಲೇಶಪ್ಪ


ತರೀಕೆರೆ
೨೬-೨-೧೯೭೯

ಕಲ್ಲೇಶಿ,

ಇದು ನನ್ನ ಸ್ವಂತ ಕಾಗದ, ಯಾರೂ ಹೇಳಿ ಬರೆಸಿದ್ದಲ್ಲ. ಅದಕ್ಕೇ ಚಿಕ್ಕದು.

ನೀನು ನಿನ್ನ ಹೊಟ್ಟೆಯ ಮಾತು ಹೇಳಿದೆ, ನನ್ನದನ್ನೂ ಕೇಳು. ನಿನ್ನ ಕಾಗದ ಬಂದರೆ ಪ್ರೇಮ ಅಡಿಗೆಮನೆಯಲ್ಲಿ ಮತ್ತೆ ಮತ್ತೆ ಓದಿ ನಗುತ್ತಿದ್ದಳು. "ತುಂಡು, ಕುಂಡ, ಗಂಡ ಅಂತೆ, ಏನ್ ಬರೀತಾರ್ರೀ ಅವರು!" ಅಂತ. ನಾನು ಹೇಳಿದ ಮಾತಿಗೆ ಅವಳು ನಕ್ಕು ನಾಲ್ಕು ವರ್ಷವಾಯಿತು. ನಿನ್ನ ಕಾಗದ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ನಾನು ಅವಳಿಗೆ ತಪ್ಪು ಓದಲಿಲ್ಲ. ಅಷ್ಟು ಬುದ್ಧಿ ನನಗೆ ಓಡಲಿಲ್ಲ ಅನ್ನು.

ಶಿವಮೂರ್ತಿ


ಕಡೂರು
೧೫-೪-೧೯೭೯

ಶಿವಮೂರ್ತಿ,

ಬಂದಳು. ಮೊನ್ನೆ ಬೆಳಗಿನ ಗಾಡಿಯಲ್ಲಿ, ಕುಂಡದ ಸಮೇತ. ನಾನು ಆಫೀಸಿಗೆ ಹೊರಟವನು ಬಾಗಿಲಲ್ಲೇ ನಿಂತೆ. ಪಕ್ಕಕ್ಕೆ ಸರಿಯಿರಿ ಎಂಬಂತೆ ನೋಡಿದಳು, ಸರಿದೆ. ನೇರ ಮೂಡಣ ಕಿಟಕಿಗೆ ಹೋಗಿ ಕುಂಡ ಇಳಿಸಿದಳು. ಆಮೇಲೆ ಅಂದಳು: "ಅಣ್ಣನ ಮನೇಲಿ ಬರೀ ಬೆಳಕಿಂಡಿ. ಗಿಡಕ್ಕೆ ಕಿಟಕಿ ಬೇಕಿತ್ತು, ಅದಕ್ಕೆ ಬಂದೆ. ಬೇರೆ ಏನೂ ತಿಳ್ಕಬೇಡಿ."

ತಿಳಿದುಕೊಂಡಿಲ್ಲ. ಕಿಟಕಿಯ ಮನೆಯ ಬಾಡಿಗೆದಾರ ನಾನು, ಗಿಡದ ಜೊತೆ ಬಂದವಳು ಅವಳು. ಅಡಿಗೆ ಮಾಡುತ್ತಾಳೆ, ಬಡಿಸುತ್ತಾಳೆ, "ಸಾಕಾ", "ಬೇಕಾ" ಎನ್ನುತ್ತಾಳೆ. ಮೂರನೆಯ ಮಾತಿಲ್ಲ. ಮಾರುಕಟ್ಟೆಯಿಂದ ತೆಂಗಿನ ನಾರು ತಂದು ಕೋಲಿಗೆ ನಾನೇ ಸುತ್ತಿದೆ. ನೆಡುವಾಗ ಹಿಡಿದುಕೊಳ್ಳಲು ಬಿಟ್ಟಳು. ನೆಟ್ಟಮೇಲೆ "ಬಿಡಿ" ಅಂದಳು.

ಉಳಿದಿರುವುದು ಒಂದು ಗಿಣ್ಣು, ಅರ್ಧ ಎಲೆ. ಅದರ ಮೇಲೆ ಕೈಯಾಡಿಸುವಾಗ ಅವಳ ಮುಖ ನೋಡಬೇಕು ನೀನು. ಬೇಡ, ನೋಡಬೇಡ. ಅಭ್ಯಾಸಬಲ, ಉರಿ ಇನ್ನೂ ಪೂರ್ತಿ ಆರಿಲ್ಲ. ವಿಳಾಸ ಮಾತ್ರ ಬದಲಾಗಿದೆ: ಈಗ ವಾರಕ್ಕೊಂದು ದಪ್ಪ ಲಕೋಟೆ ತರೀಕೆರೆಗೆ ಹೋಗುತ್ತದೆ, ಒಂದು ಬರುತ್ತದೆ, ಅಂಚೆಚೀಟಿ ತರುವವನು ನಾನು. ಒಳಗೇನಿದೆ ಎಂದು ಕೇಳುವ ಬಾಯಿ ನನಗಿಲ್ಲ. ನನಗೆ ಬರುವುದು ಬರೀ "ಸಾಕಾ", "ಬೇಕಾ". ನಿನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆಂದು ಬುಕ್ಕಾಂಬುಧಿಯ ಚಾಪೆಯ ಮೇಲೆ ಕೂತಾಗ ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆನೇ?

ಕಲ್ಲೇಶಪ್ಪ


ಕಡೂರು
೧೭-೮-೧೯೮೦, ಭಾನುವಾರ

ಪ್ರಿಯ ಶಿವಮೂರ್ತಿ,

ನಿನ್ನ ಕಾರ್ಡು ನಿನ್ನೆ ಬಂತು. "ನಿಮ್ಮ ಮನೆಯ ಎಲೆ ಸೀಳಿತಂತೆ, ಏಳು ಸೀಳು, ಎರಡು ತೂತು, ಸಂತೋಷ" ಎಂದು ಬರೆದಿದ್ದೀಯ. ನನ್ನ ಮನೆಯ ಎಲೆ ಸೀಳಿದ ಸುದ್ದಿ ತರೀಕೆರೆಯಿಂದ ಕಾಸಿನಗಲದ ಅಕ್ಷರದಲ್ಲಿ ನನಗೆ ಬರಬೇಕಾಯಿತು. ಮಾರುಕಟ್ಟೆ ಸಮಿತಿಯ ಮೇಜಿನ ಮೇಲೆ ಅದನ್ನು ಓದಿ, ನನ್ನ ಪಕ್ಕದ ತಮ್ಮಯ್ಯನಿಗೆ ಕಾಣದ ಹಾಗೆ ಮಗುಚಿ ಇಟ್ಟೆ.

ಹದಿನಾರು ತಿಂಗಳಿಂದ ನಾನು ಆ ಗಿಡದ ಬೆನ್ನನ್ನೇ ನೋಡುತ್ತಿದ್ದೇನೆ. ಎಲೆಗಳೆಲ್ಲ ಕಿಟಕಿಯತ್ತ ಮುಖ ಮಾಡಿವೆ. ನನ್ನ ಕುರ್ಚಿಗೆ ಕೋಲು, ತೊಟ್ಟು, ನಾರು ಇಷ್ಟೇ ಕಾಣುವುದು. ಹೊಸ ಎಲೆ ಸುರುಳಿ ಬಿಚ್ಚಿದ್ದು ಅವಳಿಗೆ ಗೊತ್ತು, ಬೆಳಕಿಗೆ ಗೊತ್ತು. ಅವಳು ಹೇಳಲಿಲ್ಲ, ನಾನು ಹತ್ತಿರ ಹೋಗಿ ನೋಡಲಿಲ್ಲ. ಆ ಮೂಲೆಗೆ ಕಾಲಿಡುವ ಹಕ್ಕು ನನ್ನದಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ಕ್ಷೌರಕ್ಕೆ ಹೋಗಿ ಬರುವಾಗ, ಬಾಗಿಲಿಗೆ ಹೋಗುವ ಬದಲು ಬೀದಿಯಲ್ಲೇ ತಿರುಗಿ ಕಿಟಕಿಯ ಮುಂದೆ ನಿಂತೆ. ಸರಳುಗಳ ಆಚೆ ಅದಿತ್ತು. ಏಳು ಸೀಳು, ಎಣಿಸಿದೆ. ಸೀಳಿನ ನಡುವೆ ಅವಳ ಸೀರೆ ಕಂಡಿತು, ಕೈ ಕಂಡಿತು, ಆಮೇಲೆ ಒಂದು ಕಣ್ಣು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಎದುರುಮನೆಯ ಕಾಶಮ್ಮ ಬಿಂದಿಗೆ ಹಿಡಿದು ನಿಂತು ನೋಡುತ್ತಿದ್ದರು.

"ಏನ್ರೀ ಅದು" ಅಂದಳು ಒಳಗಿನಿಂದ. "ತಮ್ ಮನೇನೇ ಬೀದೀಲಿ ನಿಂತು ಇಣುಕ್ತಾರಾ ಯಾರಾದ್ರೂ? ಕಾಶಮ್ಮ ಏನಂದ್ಕಂಡಾರು, ಒಳಗ್ ಬನ್ನಿ."

ಎಣಿಸಿದೆ ಕಣೋ. ಒಂದೇ ಉಸಿರಿಗೆ ಅಷ್ಟು ಮಾತು.

ಒಳಗೆ ಹೋದೆ. ಅವಳು ಕುಂಡದ ಒಂದು ಕಡೆ ಹಿಡಿದು ಬಗ್ಗಿದ್ದಳು. "ಆ ಕಡೆ ಹಿಡ್ಕಳ್ರೀ, ತಿರುಗಿಸೋಣ."

"ತಿರುಗಿಸಬಾರದು ಅಂತ ಪ್ರೇಮಮ್ಮ ಬರೆದಿದ್ದರಲ್ಲ?" ಅಂದೆ. ಒಂದು ಸಲವಾದರೂ ಕಾಗದದಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳೋಣ ಅನ್ನಿಸಿತ್ತು.

"ಬರೆದಿದ್ರು. ಒಂದಿನಕ್ಕೆ ಏನಾಗಲ್ಲ. ನೀವ್ ಇವತ್ತು ಮನೇಲಿರ್ತೀರಲ್ಲ. ಹೂಂ, ಎತ್ತಿ."

ಎತ್ತಿದೆ. ಈಗ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಎಲೆ ನನ್ನತ್ತ ಮುಖ ಮಾಡಿದೆ. ಸಂಜೆ ಮತ್ತೆ ಕಿಟಕಿಗೆ ತಿರುಗಿಸಬೇಕಂತೆ, ಅದಕ್ಕೂ ಇಬ್ಬರು ಬೇಕು.

ನಿನ್ನ,
ಕಲ್ಲೇಶಿ